ನಾಲ್ಕು ಮಿಲಿಮೀಟರ್ ದಪ್ಪದ ಸೊನ್ನೆ

ಮೇ ತಿಂಗಳ ನಡುಹಗಲಲ್ಲಿ ರಾಯಚೂರಿನ ಮಾಳಿಗೆಯ ಮೇಲೆ ಸುರಿಯುವ ಬಿಸಿಲನ್ನು ಅಳೆದರೆ ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ. ಗ್ಲಾಸ್ ಟಾಪ್ ವಿದ್ಯುತ್ ಒಲೆಯಲ್ಲಿ 18 ಸೆಂ.ಮೀ. ಅಗಲದ ಒಂದು ವೃತ್ತದ ಅಡಿ ಕೂತಿರುವ ಕಾಯಿಲ್ 1800 ವ್ಯಾಟಿನದು. ಆ ವೃತ್ತದ ವಿಸ್ತೀರ್ಣಕ್ಕೆ ಭಾಗಿಸಿ ನೋಡಿ, ಚದರ ಮೀಟರಿಗೆ 70 ಕಿಲೋವ್ಯಾಟ್ ಆಗುತ್ತದೆ. ರಾಯಚೂರಿನ ಎಪ್ಪತ್ತು ಸೂರ್ಯರು ಒಟ್ಟುಗೂಡಿ, ಅದೂ ಕೆಳಗಿನಿಂದ ಮೇಲಕ್ಕೆ, ಸುಡುತ್ತಿದ್ದಾರೆ. ಅವರಿಗೂ ಪಾಯಸದ ಪಾತ್ರೆಗೂ ನಡುವೆ ಇರುವುದು ಬರೀ 4 ಮಿ.ಮೀ. ಗಾಜು.

ಕಾಯಿಲ್ ಕೆಂಪಗೆ ಉರಿಯುವಾಗ ಅದರ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇಲಿನ ಗಾಜು 500 ಡಿಗ್ರಿ ದಾಟುತ್ತದೆ. ಇನ್ನೂ ಏರಲು ಹೊರಟರೆ ಕಾಯಿಲ್ ಜೊತೆಗಿರುವ ಒಂದು ಕಡ್ಡಿ ವಿದ್ಯುತ್ತನ್ನು ಕಡಿಯುತ್ತದೆ, ತುಸು ತಣಿದ ಮೇಲೆ ಮತ್ತೆ ಕೊಡುತ್ತದೆ. ಕೆಂಪು ಬೆಳಕು ಹತ್ತಿ ಆರುವುದನ್ನು ಕಂಡು ಒಲೆ ಕೆಟ್ಟಿತೆಂದು ರಿಪೇರಿಯವರನ್ನು ಕರೆಯುವವರುಂಟು. ಆದರೆ ಅದು ಒಲೆ ಸರಿಯಾಗಿರುವುದರ ಗುರುತು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಪಕ್ಕದ ಜಾಗ. ಉರಿಯುವ ವೃತ್ತದಿಂದ ಒಂದು ಗೇಣು ಆಚೆ ಅದೇ ಗಾಜಿನ ಅಂಚನ್ನು ಮುಟ್ಟಬಹುದು. ಈ ಗಾಜು ಅಲ್ಯೂಮಿನಿಯಂಗಿಂತ ನೂರನಲವತ್ತು ಪಟ್ಟು ಕಡಿಮೆ ಶಾಖವಾಹಕ. ಕಾಯಿಲ್‌ನ ಅವಕೆಂಪು ಕಿರಣಗಳಲ್ಲಿ ಬಹುಪಾಲು ಅದರ ಮೂಲಕ ನೇರ ಮೇಲಕ್ಕೆ ತೂರಿಹೋಗುತ್ತವೆ, ಬದಿಗೆ ಮಾತ್ರ ಶಾಖ ತೆವಳಿಕೊಂಡು ಸಾಗಬೇಕು. ಹೀಗಾಗಿ ಒಂದೇ ಹಲಗೆಯಲ್ಲಿ ಕೆಲವು ಸೆಂಟಿಮೀಟರಿನ ಅಂತರದಲ್ಲಿ 400 ಡಿಗ್ರಿಯ ವ್ಯತ್ಯಾಸ ನಿಂತಿರುತ್ತದೆ. ಕಿಟಕಿಯ ಸಾಮಾನ್ಯ ಗಾಜಾಗಿದ್ದರೆ 40 ಡಿಗ್ರಿಯ ವ್ಯತ್ಯಾಸಕ್ಕೇ ಬಿರುಕು ಬಿಡುವ ಭಯ. ಬಿಸಿಯಾದ ಭಾಗ ಹಿಗ್ಗಲು ನೋಡುತ್ತದೆ, ತಣ್ಣಗಿನ ಭಾಗ ಬಿಡುವುದಿಲ್ಲ, ಆ ಜಗ್ಗಾಟದಲ್ಲಿ ಗಾಜು ಸೀಳುತ್ತದೆ. ಒಲೆಯ ಗಾಜು 700 ಡಿಗ್ರಿಯ ಏಟನ್ನೂ ತಡೆಯುತ್ತದೆ. ಕಾದ ವೃತ್ತದ ಮೇಲೆ ತಣ್ಣೀರು ಚೆಲ್ಲಿದರೆ ಭುಸ್ಸೆಂದು ಆವಿ ಏಳುತ್ತದೆ, ಗಾಜು ಹಾಗೇ ಇರುತ್ತದೆ.

ಕಾರಣ ಒಂದು ಸೊನ್ನೆ. ಒಂದೊಂದು ಮೀಟರ್ ಉದ್ದದ ಪಟ್ಟಿಗಳನ್ನು 500 ಡಿಗ್ರಿಯಷ್ಟು ಕಾಯಿಸಿದೆವೆಂದುಕೊಳ್ಳಿ. ಅಲ್ಯೂಮಿನಿಯಂ 11 ಮಿ.ಮೀ. ಮೀರಿ ಉದ್ದವಾಗುತ್ತದೆ, ಉಕ್ಕು 6, ಕಿಟಕಿ ಗಾಜು ನಾಲ್ಕೂವರೆ, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜು ಒಂದೂವರೆಗಿಂತ ತುಸು ಹೆಚ್ಚು. ಒಲೆಯ ಗಾಜು ಹೆಚ್ಚೆಂದರೆ ಕಾಲು ಮಿ.ಮೀ. ಅತ್ತಿತ್ತ. ಎಷ್ಟೋ ಸಲ ಅಷ್ಟೂ ಇಲ್ಲ. ಹಿಗ್ಗದಿದ್ದರೆ ಜಗ್ಗಾಟವಿಲ್ಲ, ಜಗ್ಗಾಟವಿಲ್ಲದಿದ್ದರೆ ಬಿರುಕಿಲ್ಲ. ಆ ಒಲೆಯ ಗುಣಗಳೆಲ್ಲ ಹುಟ್ಟುವುದು ಈ ಸೊನ್ನೆಯಿಂದ, ಅದರ ಮುಖ್ಯ ಕಾಯಿಲೆಯೂ ಇದರಿಂದಲೇ. ಕಾಯಿಲೆಯ ವಿಚಾರಕ್ಕೆ ಆಮೇಲೆ ಬರೋಣ.

ಕಾಯಿಸಿದ್ದೆಲ್ಲ ಹಿಗ್ಗುವ ಜಗತ್ತಿನಲ್ಲಿ ಸೊನ್ನೆ ಎಲ್ಲಿಂದ ಬಂತು? ಹೆಸರು ಸೆರಾಮಿಕ್ ಗಾಜು ಎಂದಾದರೂ ಈ ಹಲಗೆಯ ಮುಕ್ಕಾಲು ಪಾಲು ಗಾಜಲ್ಲ, ಹರಳು. ಮರಳು, ಅಲ್ಯೂಮಿನಾ, ಲಿಥಿಯಂ ಆಕ್ಸೈಡುಗಳನ್ನು 1600 ಡಿಗ್ರಿಯಷ್ಟು ಶಾಖದಲ್ಲಿ ಕರಗಿಸಿ, ಲಟ್ಟಿಸಿ ಹಾಳೆ ಮಾಡಿ ತಣಿಸುತ್ತಾರೆ. ಆಗಿನ್ನೂ ಅದು ನಿಜವಾದ ಗಾಜು, ಕಾಯಿಸಿದರೆ ಹಿಗ್ಗುವಂಥದ್ದೇ. ಬಳಿಕ ಮತ್ತೆ ಕುಲುಮೆಗೆ ಹಾಕಿ 700–800 ಡಿಗ್ರಿಯಲ್ಲಿ ಕೆಲಹೊತ್ತು ಇಡುತ್ತಾರೆ. ಬೆರೆಸಿದ್ದ ಚೂರು ಟೈಟಾನಿಯಂ ಮತ್ತು ಜಿರ್ಕೋನಿಯಂ ಅಲ್ಲಲ್ಲಿ ಒಟ್ಟುಗೂಡಿ ಬೀಜಗಳಾಗುತ್ತವೆ. ಶಾಖವನ್ನು 900 ಡಿಗ್ರಿಯ ಹತ್ತಿರಕ್ಕೆ ಏರಿಸಿದಾಗ ಒಂದೊಂದು ಬೀಜದ ಸುತ್ತಲೂ ಹರಳು ಬೆಳೆಯುತ್ತದೆ. ಈ ಹರಳುಗಳದು ವಿಚಿತ್ರ ಸ್ವಭಾವ: ಕಾಯಿಸಿದರೆ ಒಂದು ದಿಕ್ಕಿನಲ್ಲಿ ಕುಗ್ಗುತ್ತವೆ! ನಡುವೆ ಉಳಿದ ಕಾಲು ಪಾಲು ಗಾಜು ಎಂದಿನಂತೆ ಹಿಗ್ಗುತ್ತದೆ. ಇದರ ಹಿಗ್ಗು ಅದರ ಕುಗ್ಗಿಗೆ ವಜಾ ಆಗುವಂತೆ ಪ್ರಮಾಣವನ್ನು ಹೊಂದಿಸಿರುತ್ತಾರೆ.

ಈಗ ಆ ಹರಳುಗಳನ್ನು ಎಣಿಸೋಣ. ಒಂದೊಂದರ ಅಗಲ ಸುಮಾರು 50 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅತಿ ಚಿಕ್ಕ ಅಲೆ 400 ನ್ಯಾನೋಮೀಟರ್. ಅದರ ಎಂಟನೆಯ ಒಂದು ಪಾಲಿನಷ್ಟೇ ಇರುವ ಹರಳುಗಳು ಬೆಳಕಿಗೆ ಅಡ್ಡಬರುವುದಿಲ್ಲ, ಹಾಗಾಗಿ ಹಲಗೆ ಪಾರದರ್ಶಕ. (ಕಪ್ಪಾಗಿ ಕಾಣುವುದು ವೆನೇಡಿಯಂ ಬಣ್ಣದಿಂದ.) 60 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪದ ಹಲಗೆಯ ಗಾತ್ರ 1.2 ಲೀಟರ್, ತೂಕ ಮೂರು ಕಿಲೋ ಚಿಲ್ಲರೆ. ಅದರ ನೂರಕ್ಕೆ ಎಪ್ಪತ್ತು ಪಾಲನ್ನು ಒಂದು ಹರಳಿನ ಗಾತ್ರದಿಂದ ಭಾಗಿಸಿದರೆ ಬರುವುದು ಸುಮಾರು ಅರವತ್ತೇಳು ಸಾವಿರ ಕೋಟಿ ಕೋಟಿ. ಹೀಗೆಂದರೆ ಯಾರ ತಲೆಗೂ ಹೋಗುವುದಿಲ್ಲ, ನನ್ನ ತಲೆಗೂ ಹೋಗಿರಲಿಲ್ಲ. ಅಕ್ಕಿಯಲ್ಲಿ ಅಳೆಯೋಣ. ಕಿಲೋಗೆ ಐವತ್ತು ಸಾವಿರ ಕಾಳಿನಂತೆ ಹಿಡಿದರೆ, ಇಡೀ ಜಗತ್ತು ವರ್ಷಕ್ಕೆ ಬೆಳೆಯುವ 52 ಕೋಟಿ ಟನ್ ಅಕ್ಕಿಯಲ್ಲಿ 260 ಕೋಟಿ ಕೋಟಿ ಕಾಳುಗಳಿವೆ. ಇವತ್ತಿನ ಈ ಬೆಳೆಯನ್ನೇ ಹೈದರ್ ಅಲಿಯ ಕಾಲದಿಂದ ಪ್ರತಿವರ್ಷ ಬೆಳೆದು, ಒಂದು ಕಾಳನ್ನೂ ತಿನ್ನದೆ ಕೂಡಿಟ್ಟಿದ್ದರೆ, ಆ ರಾಶಿಯಲ್ಲಿರುವ ಕಾಳುಗಳಷ್ಟು ಹರಳುಗಳು ಒಂದು ಒಲೆಯ ಹಲಗೆಯಲ್ಲಿವೆ. ಅಷ್ಟನ್ನೂ ಕುಲುಮೆ ಬೆಳೆಸುವುದು ಕೆಲವೇ ಗಂಟೆಗಳಲ್ಲಿ.

ಗಾಜನ್ನು ಹರಳಾಗಿಸುವ ಆಸೆ ಹಳೆಯದು. ಫ್ರಾನ್ಸಿನ ರೆಯೋಮೂರ್ 1739ರಲ್ಲೇ ಗಾಜಿನ ಸೀಸೆಗಳನ್ನು ಮರಳು ಮತ್ತು ಜಿಪ್ಸಂನಲ್ಲಿ ಹೂತು ದಿನಗಟ್ಟಲೆ ಕಾಯಿಸಿ, ಪಿಂಗಾಣಿಯಂಥ ವಸ್ತುವನ್ನು ಪಡೆದಿದ್ದ. ಆದರೆ ಅದಕ್ಕೆ ಬಲವಿರಲಿಲ್ಲ. ಬಲ ಬಂದದ್ದು ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, ಕುಲುಮೆಯೊಂದರ ನಿಯಂತ್ರಕ ಕೈಕೊಟ್ಟಾಗ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಗ್ಲಾಸ್ ವರ್ಕ್ಸ್‌ನ ಡೊನಾಲ್ಡ್ ಸ್ಟೂಕಿ ಒಂದು ಗಾಜಿನ ತುಂಡನ್ನು 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದರು. ಕುಲುಮೆ 900 ದಾಟಿತು. ಗಾಜು ಕರಗಿ ಕುಲುಮೆ ಹಾಳಾಯಿತೆಂದುಕೊಂಡು ಬಾಗಿಲು ತೆಗೆದರೆ ಆಕಾರ ಕೆಡದ ಬಿಳಿ ತುಂಡು ಕಾಣಿಸಿತು. ಅದು ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು, ಲೋಹದ ಹಾಗೆ ಖಣ್ ಎಂದಿತು, ಒಡೆಯಲಿಲ್ಲ. 300 ಡಿಗ್ರಿಯ ಆ ತಪ್ಪಿನಿಂದ ಹುಟ್ಟಿದ ವಸ್ತು 1958ರಲ್ಲಿ ಅಡುಗೆ ಪಾತ್ರೆಯಾಗಿ ಮಾರುಕಟ್ಟೆಗೆ ಬಂತು, ಕ್ಷಿಪಣಿಗಳ ಮೂತಿಯ ಹೊದಿಕೆಯೂ ಆಯಿತು. ಸ್ಟೂಕಿ 99 ವರ್ಷ ಬದುಕಿ 2014ರಲ್ಲಿ ತೀರಿಕೊಂಡರು.

ಒಲೆಯ ಹಲಗೆಯನ್ನು ಜಗತ್ತಿಗೆ ಹರಡಿದ ಹೆಸರು ಮಾತ್ರ ಜರ್ಮನಿಯ ಮೈನ್ಸ್ ಊರಿನ ಶಾಟ್ ಕಂಪನಿಯದು. ಅವರ ‘ಸೆರಾನ್’ ಹಲಗೆ 1971ರಲ್ಲಿ ಹೊರಬಂತು. ಈವರೆಗೆ ಮಾರಾಟವಾದದ್ದು ಹತ್ತು ಕೋಟಿಗೂ ಹೆಚ್ಚು. ಅದಕ್ಕೆ ಮೂರು ವರ್ಷ ಮುಂಚೆ, 1968ರಲ್ಲಿ, ಅದೇ ಕಂಪನಿ ಇದೇ ವಂಶದ ‘ಝೆರೋಡರ್’ ಎಂಬ ವಸ್ತುವನ್ನು ರೂಪಿಸಿತ್ತು. ಅದು ಅಡುಗೆಮನೆಗಲ್ಲ, ಹೈಡೆಲ್‌ಬರ್ಗಿನ ಖಗೋಳ ಸಂಸ್ಥೆಯ ದೂರದರ್ಶಕಕ್ಕೆ. ರಾತ್ರಿ ಚಳಿ ಏರಿದಂತೆ ದರ್ಪಣ ಕುಗ್ಗಿದರೆ ನಕ್ಷತ್ರ ಮಸುಕಾಗುತ್ತದೆ. ಅಲ್ಲಿಯೂ ಬೇಕಾದದ್ದು ಸೊನ್ನೆಯೇ, ಆದರೆ ಒಲೆಯ ಸೊನ್ನೆಗಿಂತ ಹತ್ತಾರು ಪಟ್ಟು ನಿಖರವಾದದ್ದು. ಚಿಲಿ ದೇಶದ ಪರಾನಾಲ್ ಬೆಟ್ಟದ ನಾಲ್ಕು ದೂರದರ್ಶಕಗಳ ಒಂದೊಂದು ಮುಖ್ಯ ದರ್ಪಣವೂ 8.2 ಮೀಟರ್ ಅಗಲ, 17.5 ಸೆಂ.ಮೀ. ದಪ್ಪ, 22 ಟನ್ ತೂಕ. ಒಲೆಯ ಹಲಗೆಯಲ್ಲಿ ಗಂಟೆಗಳಲ್ಲಿ ಮುಗಿಯುವ ಹರಳುಗಟ್ಟುವ ಕೆಲಸಕ್ಕೆ ಅಲ್ಲಿ ತಿಂಗಳುಗಳೇ ಬೇಕಾದವು. ಅಲ್ಲಿಗೆ ಸಮೀಪದ ಅರ್ಮಾಝೋನಿಸ್ ಬೆಟ್ಟದ ಮೇಲೆ ಕಟ್ಟುತ್ತಿರುವ 39 ಮೀಟರಿನ ದೂರದರ್ಶಕದ ದರ್ಪಣದಲ್ಲಿ ಇಂಥ ವಸ್ತುವಿನ 798 ಷಟ್ಕೋನಗಳಿವೆ.

ನಮ್ಮ ಪಾಲೂ ಇದರಲ್ಲಿದೆ. 30 ಮೀಟರ್ ದೂರದರ್ಶಕದ ಯೋಜನೆಯಲ್ಲಿ ಭಾರತ ಪಾಲುದಾರ. ಅದರ ದರ್ಪಣಕ್ಕೆ 492 ತುಂಡುಗಳು ಬೇಕು. ಅವುಗಳಲ್ಲಿ ಎಂಬತ್ತಕ್ಕೂ ಹೆಚ್ಚನ್ನು ಹೊಳಪಿಸಿ ಕೊಡಲು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಹೊಸಕೋಟೆಯಲ್ಲಿ ಕಾರ್ಯಾಗಾರವನ್ನೇ ಕಟ್ಟಿದೆ. ಆ ತುಂಡುಗಳ ಗಾಜು ಜಪಾನಿನ ಒಹಾರಾ ಕಂಪನಿಯದು, ಕುಲ ಮಾತ್ರ ಒಲೆಯ ಹಲಗೆಯದೇ: ಲಿಥಿಯಂ, ಅಲ್ಯೂಮಿನಾ, ಮರಳು.

ಲಿಥಿಯಂ ಅಂದ ಕೂಡಲೇ ನಮಗೆ ನೆನಪಾಗುವುದು ಬ್ಯಾಟರಿ. ಹಲಗೆಯ ತೂಕದಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಲಿಥಿಯಂ ಆಕ್ಸೈಡ್. ಮೂರು ಕಿಲೋ ಹಲಗೆಗೆ ಲೆಕ್ಕ ಹಾಕಿದರೆ ಶುದ್ಧ ಲಿಥಿಯಂ ಐವತ್ತು ಗ್ರಾಂ ದಾಟುತ್ತದೆ. ಒಂದು ಮೊಬೈಲ್ ಬ್ಯಾಟರಿಯಲ್ಲಿ ಇರುವುದು ಸುಮಾರು ಒಂದೂವರೆ ಗ್ರಾಂ. ಒಂದು ಒಲೆಯ ಮೇಲ್ಮೈಯಲ್ಲಿ ಮೂವತ್ತೈದು ಮೊಬೈಲುಗಳ ಲಿಥಿಯಂ ಅಡಗಿದೆ, ಅಲ್ಲಿ ಅದು ಚಾರ್ಜ್ ಆಗುವುದೂ ಇಲ್ಲ, ಇಳಿಯುವುದೂ ಇಲ್ಲ! ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1600 ಟನ್ ಲಿಥಿಯಂ ಇರುವ ಅಂದಾಜನ್ನು ಅಣು ಖನಿಜ ನಿರ್ದೇಶನಾಲಯ ಕೊಟ್ಟಾಗ ಎಲ್ಲರೂ ಮಾತಾಡಿದ್ದು ಕಾರುಗಳ ಬಗ್ಗೆ. ಅಷ್ಟೂ ಕೈಗೆ ಬಂದು ಅಷ್ಟೂ ಒಲೆಗೇ ಹೋಯಿತೆಂದಿಟ್ಟುಕೊಂಡರೆ ಮೂರು ಕೋಟಿ ಹಲಗೆಗಳಾಗುತ್ತವೆ. ಬ್ಯಾಟರಿಯವರು ಬಿಡುವುದಿಲ್ಲ ಅನ್ನುವುದು ಬೇರೆ ಮಾತು.

ಈಗ ಕಾಯಿಲೆಯ ವಿಷಯ. ಈ ಒಲೆಯ ದೊಡ್ಡ ಶತ್ರು ಸಕ್ಕರೆ. ಬೆಂಕಿ, ಉಪ್ಪು, ಹುಳಿ, ಎಣ್ಣೆ ಯಾವುದಕ್ಕೂ ಜಗ್ಗದ ಹಲಗೆ ಬೆಲ್ಲದ ಪಾಕಕ್ಕೆ ಸೋಲುತ್ತದೆ. ಸಕ್ಕರೆ ಕರಗುವುದು 186 ಡಿಗ್ರಿಯ ಹತ್ತಿರ. ವೃತ್ತ ಅದರ ಎರಡೂವರೆ ಪಟ್ಟು ಕಾದಿರುತ್ತದೆ. ಪಾಯಸ ಉಕ್ಕಿತೋ, ಪಾಕ ಚೆಲ್ಲಿತೋ, ಸಕ್ಕರೆ ಕರಗಿ, ಕಂದಿ, ಗಾಜಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ಅಪಾಯವಿಲ್ಲ. ಅಪಾಯ ಒಲೆ ಆರಿಸಿದ ಮೇಲೆ. ತಣಿಯುತ್ತ ಸಕ್ಕರೆ ಕುಗ್ಗುತ್ತದೆ. ಅಂಟಿಕೊಂಡ ಗಾಜು ತಾನೂ ಕುಗ್ಗಿದ್ದರೆ ತಕರಾರಿರಲಿಲ್ಲ. ಕಬ್ಬಿಣದ ಕಾವಲಿ ಜೊತೆಜೊತೆಗೇ ಒಂದಿಷ್ಟು ಕುಗ್ಗುತ್ತದೆ, ಇದು ಕೂದಲೆಳೆಯಷ್ಟೂ ಕದಲುವುದಿಲ್ಲ. ಬಿಡದೆ ಹಿಡಿದ ಸಕ್ಕರೆ ಕೊನೆಗೆ ಗಾಜಿನ ಚಕ್ಕೆಯನ್ನೇ ಕಿತ್ತುಕೊಂಡು ಏಳುತ್ತದೆ. ಹಳೆಯ ಗ್ಲಾಸ್ ಟಾಪಿನ ಮೇಲೆ ಕಾಣುವ ಚಿಕ್ಕ ಗುಳಿಗಳಲ್ಲಿ ಎಷ್ಟೋ ಹೀಗೆ ಆದವು. ಎಪ್ಪತ್ತು ಸೂರ್ಯರಿಂದ ಹಲಗೆಯನ್ನು ಕಾಪಾಡಿದ ಸೊನ್ನೆ ಇಲ್ಲಿ ಅದಕ್ಕೇ ಮುಳುವಾಗುತ್ತದೆ.

ಆದ್ದರಿಂದ ಬೇರೆ ಯಾವುದು ಚೆಲ್ಲಿದರೂ ತಣಿಯುವ ತನಕ ಕಾಯಬಹುದು, ಸಿಹಿ ಚೆಲ್ಲಿದರೆ ಕಾಯಬಾರದು. ಪಾತ್ರೆಯನ್ನು ಎತ್ತಿಟ್ಟು, ಉರಿ ಆರಿಸಿ, ಕೈಗೆ ದಪ್ಪ ಗವಸು ಹಾಕಿ, ಬ್ಲೇಡಿನ ಸ್ಕ್ರೇಪರನ್ನು ಓರೆಯಾಗಿ ಹಿಡಿದು, ಪಾಕ ಮೆತ್ತಗಿರುವಾಗಲೇ ಬಿಸಿ ವೃತ್ತದಿಂದ ಆಚೆಗೆ ಕೆರೆದು ತಳ್ಳಬೇಕು. ಪ್ಲಾಸ್ಟಿಕ್ ಕರಗಿದರೂ, ಅಲ್ಯೂಮಿನಿಯಂ ಫಾಯಿಲ್ ಅಂಟಿದರೂ ಇದೇ ಉಪಾಯ. ಅಮೆರಿಕದ ಬಾಡಿಗೆ ಮನೆಗಳಲ್ಲಿ ಇಂಥ ಒಲೆಯ ಮೇಲೆ ಯುಗಾದಿಯ ಹೋಳಿಗೆಗೆ ಹೂರಣ ಕುದಿಸುವ ನಮ್ಮವರು ಸ್ಕ್ರೇಪರನ್ನು ಸೌಟಿನ ಪಕ್ಕದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮೂರಿನ ಇಂಡಕ್ಷನ್ ಒಲೆಯ ಮೇಲಿರುವುದೂ ಸಾಮಾನ್ಯವಾಗಿ ಇದೇ ಜಾತಿಯ ಗಾಜು. ಅಲ್ಲಿ ಕಾಯಿಲ್ ಕಾಯುವುದಿಲ್ಲ. ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಗಾಜನ್ನು ದಾಟಿ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಗಾಜಿಗೆ ಬರುವುದು ಪಾತ್ರೆ ಬಿಟ್ಟುಕೊಟ್ಟ ಬಿಸಿ ಮಾತ್ರ, ಹಾಗಾಗಿ ಸಕ್ಕರೆಯ ಕಾಟ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ.

ಬ್ಲೇಡು ಗಾಜನ್ನು ಗೀಚುವುದಿಲ್ಲವೇ? ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಈ ಗಾಜು 6ರ ಆಸುಪಾಸು, ಉಕ್ಕಿನ ಬ್ಲೇಡು ಐದೂವರೆ. ಬ್ಲೇಡಿನ ಮೂಲೆಯನ್ನು ಒತ್ತದೆ ಅಂಚನ್ನು ಮಲಗಿಸಿ ಕೆರೆದರೆ ಗೀರು ಬೀಳುವುದಿಲ್ಲ. ಅಡುಗೆ ಸೋಡಾ ಎರಡೂವರೆ, ಧಾರಾಳವಾಗಿ ತಿಕ್ಕಬಹುದು. ಅಲ್ಯೂಮಿನಿಯಂ ಮೂರಕ್ಕಿಂತ ಕಡಿಮೆ, ಅದರ ಪಾತ್ರೆ ಎಳೆದಾಗ ಬೀಳುವ ಬೂದು ಗೆರೆ ಗೀರಲ್ಲ, ಗಾಜಿನ ಮೇಲೆ ಸವೆದು ಉಳಿದ ಲೋಹ. ಹೆದರಬೇಕಾದದ್ದು 6ರ ಮೇಲಿನವರಿಗೆ. ಕೊತ್ತಂಬರಿ ಬೇರಿನಿಂದ ಉದುರಿದ ಮರಳಿನ ಕಣ 7. ಅದರ ಮೇಲೆ ಬೀಡಿನ ಕಾವಲಿಯನ್ನು ಇಟ್ಟು ಒಮ್ಮೆ ಎಳೆದರೆ ಸಾಕು, ಗೀರು ಶಾಶ್ವತ. ಪಾತ್ರೆ ಉಜ್ಜುವ ಒರಟು ಹಸಿರು ಪಟ್ಟಿಯಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ 9, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಎಲ್ಲ ಅಡುಗೆಮನೆಯಲ್ಲೂ ಸಿಂಕಿನ ಪಕ್ಕ ಬಿದ್ದಿರುವ ಅದು ಈ ಹಲಗೆಯ ಹತ್ತಿರ ಸುಳಿಯಬಾರದು. ಮೆತ್ತನೆ ಬಟ್ಟೆ, ನಾಲ್ಕು ಹನಿ ವಿನೆಗರ್ ಅಥವಾ ನಿಂಬೆರಸ ಸಾಕು, ಗಡಸು ನೀರಿನ ಬಿಳಿ ಕಲೆಯೂ ಹೋಗುತ್ತದೆ.

ಪಾತ್ರೆಯ ತಳದ ಬಗ್ಗೆ ಒಂದು ಅಂಕಿ. 4 ಮಿ.ಮೀ. ಗಾಜು ಶಾಖವನ್ನು ಎಷ್ಟು ತಡೆಯುತ್ತದೋ ಅದರ ಹದಿನೈದು ಪಟ್ಟು ತಡೆಯುತ್ತದೆ ತಳದ ಅಡಿ ಸಿಕ್ಕಿಕೊಂಡ 1 ಮಿ.ಮೀ. ಗಾಳಿ. ಕಿರಣಗಳಾಗಿ ಹಾಯುವ ಶಾಖ ಹೇಗೋ ದಾಟುತ್ತದೆ, ಮುಟ್ಟಿ ಹರಿಯಬೇಕಾದದ್ದು ನಿಂತುಬಿಡುತ್ತದೆ. ದುಂಡು ತಳದ ಬಾಣಲೆ ಈ ಒಲೆಯ ಮೇಲೆ ಮುನಿಸಿಕೊಳ್ಳುವುದು ಅದಕ್ಕೇ. ಚಪ್ಪಟೆ ಅನ್ನಿಸಿಕೊಂಡ ತವಾ ಕೂಡ ವರ್ಷ ಕಳೆದಂತೆ ಡೊಂಕಾಗುತ್ತದೆ. ಅದನ್ನು ಬೋರಲು ಹಾಕಿ ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿ, ಸಂದಿನಲ್ಲಿ ಬೆಳಕು ತೂರಿದರೆ ದೋಸೆಯ ನಡುಭಾಗ ಬಿಳಿಚಿಕೊಳ್ಳುವುದೇಕೆಂದು ತಿಳಿಯುತ್ತದೆ.

ಆರಿಸಿದ ಒಲೆಯನ್ನೂ ನಂಬಬೇಡಿ. 500 ಡಿಗ್ರಿಯ ವೃತ್ತದಲ್ಲಿರುವ ಕಾಲು ಕಿಲೋ ಗಾಜಿನಲ್ಲಿ ಉಳಿದಿರುವ ಶಾಖ, ಲೆಕ್ಕದ ಮಟ್ಟಿಗೆ, 300 ಮಿ.ಲೀ. ನೀರನ್ನು ಕುದಿತಕ್ಕೆ ತರುವಷ್ಟು, ಅಂದರೆ ಎರಡು ಲೋಟ ಚಹಾದಷ್ಟು. ಕೆಂಪು ಆರಿದ ಮೇಲೆ ಕಪ್ಪು ಗಾಜು ಏನೂ ಗೊತ್ತಿಲ್ಲದ ಹಾಗೆ ಕೂತಿರುತ್ತದೆ. ಬಿಸಿ ಉಳಿದಿದೆಯೆಂದು ತೋರಿಸುವ ಚಿಕ್ಕ ದೀಪ ಆರುವ ತನಕ ಮಕ್ಕಳನ್ನು ಹತ್ತಿರ ಬಿಡಬಾರದು. ಹಾಗೆಂದು ಆ ಬಿಸಿಯನ್ನು ದಂಡ ಮಾಡಬೇಕಿಲ್ಲ, ಅನ್ನ ಇನ್ನೇನು ಆಗುತ್ತದೆ ಅನ್ನುವಾಗಲೇ ಆರಿಸಿದರೆ ಉಳಿದದ್ದನ್ನು ಗಾಜೇ ಬೇಯಿಸುತ್ತದೆ.

ಶಾಖಕ್ಕೆ ಅಂಜದ ಇದು ಏಟಿಗೆ ಅಂಜುತ್ತದೆ. ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಪ್ರಕಾರ 1.8 ಕಿಲೋ ತೂಕದ ಚಪ್ಪಟೆ ತಳದ ಪಾತ್ರೆಯನ್ನು 15 ಸೆಂ.ಮೀ. ಎತ್ತರದಿಂದ ಹತ್ತು ಬಾರಿ ಬೀಳಿಸಿದರೂ ಹಲಗೆ ತಡೆಯಬೇಕು. ಮೇಲಿನ ಕಪಾಟಿನಿಂದ ಒಂದು ಮೀಟರ್ ಕೆಳಗೆ ಬೀಳುವ 300 ಗ್ರಾಂ ಉಪ್ಪಿನಕಾಯಿ ಬಾಟಲಿಯ ಏಟೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯದು. ಆದರೆ ಪಾತ್ರೆಯ ಏಟು ಅಂಗೈಯಗಲಕ್ಕೆ ಹಂಚಿಹೋದರೆ ಬಾಟಲಿಯ ಮೂಲೆಯ ಏಟು ಒಂದು ಚುಕ್ಕೆಯ ಮೇಲೆ. ಗಾಜಿನ ಅಣುಬಂಧಗಳನ್ನು ಲೆಕ್ಕ ಹಾಕಿದರೆ ಅದು ಈಗಿರುವುದಕ್ಕಿಂತ ನೂರು ಪಟ್ಟು ಗಟ್ಟಿ ಇರಬೇಕಿತ್ತು. ಇಲ್ಲದಿರುವುದು ಮೇಲ್ಮೈಯ ಕಾಣದ ಸೀಳುಗಳಿಂದ ಎಂದು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿಕೊಟ್ಟರು. ಅಂಥದ್ದೊಂದು ಸೀಳು ಬಾಯಿ ತೆರೆದರೆ ಗಾಜಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಓಡುತ್ತದೆ, 60 ಸೆಂ.ಮೀ. ಹಲಗೆಯನ್ನು ದಾಟಲು ಒಂದು ಸೆಕೆಂಡಿನ ಎರಡೂವರೆ ಸಾವಿರದಲ್ಲೊಂದು ಪಾಲು ಸಾಕು. ಒಲೆಯ ಮೇಲಿನ ಕಪಾಟಿನಲ್ಲಿ ಭಾರದ ಡಬ್ಬಿಗಳನ್ನು ಇಡದಿರುವುದೇ ಸರಿಯಾದ ಎಚ್ಚರ. ಬಿರುಕು ಬಿಟ್ಟಿತೋ, ಗುಂಡಿ ಒತ್ತಿದರೆ ಸಾಲದು, ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಬಿರುಕಿನೊಳಗೆ ಇಳಿದ ಸಾರು ಕೆಳಗಿನ ವಿದ್ಯುತ್ತನ್ನು ಮುಟ್ಟುತ್ತದೆ.

ನಮ್ಮಲ್ಲಿ ‘ಗ್ಲಾಸ್ ಟಾಪ್’ ಎಂದು ಮಾರುವ ಗ್ಯಾಸ್ ಒಲೆಗಳನ್ನು ಈ ಮಾತಿಗೆ ಸೇರಿಸಬೇಡಿ. ಅವುಗಳಲ್ಲಿ ಇರುವುದು ಸಾಮಾನ್ಯವಾಗಿ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಾಳಿ ಊದಿ ತಣಿಸಿ ಬಿಗಿ ತುಂಬಿದ ಮಾಮೂಲಿ ಗಾಜು. ಅದು ತಡೆಯುವುದು 200 ಡಿಗ್ರಿ ಚಿಲ್ಲರೆ ವ್ಯತ್ಯಾಸ. ಹಿಗ್ಗುವ ಗುಣ ಹಾಗೇ ಇದೆ, ಒಡೆದರೆ ಪುಡಿಪುಡಿ. ದೊಡ್ಡ ಪಾತ್ರೆಯ ಅಡಿಯಿಂದ ಉರಿ ಹೊರಚಾಚಿ ಗಂಟೆಗಟ್ಟಲೆ ಅದನ್ನು ಸುಟ್ಟರೆ, ಕಾದಿದ್ದಾಗ ತಣ್ಣೀರು ಚೆಲ್ಲಿದರೆ, ಸೆರಾಮಿಕ್ ಗಾಜಿನ ಭರವಸೆ ಅಲ್ಲಿಲ್ಲ.

ಸೆರಾಮಿಕ್ ಹಲಗೆ ಒಡೆದರೆ ಚೂರುಗಳನ್ನು ಏನು ಮಾಡುವುದು? ಸೀಸೆಗಳ ಜೊತೆ ಗುಜರಿಗೆ ಕೊಡಬಾರದು. ಸೀಸೆಯ ಗಾಜು 1500 ಡಿಗ್ರಿಯ ಹೊತ್ತಿಗೆ ನೀರಾಗಿರುವ ಕುಲುಮೆಯಲ್ಲಿ ಇದು ಪೂರ್ತಿ ಕರಗದೆ ಉಳಿಯುತ್ತದೆ. ಹೊಸ ಸೀಸೆಯೊಳಗೆ ಕಲ್ಲಾಗಿ ಸೇರಿಕೊಳ್ಳುತ್ತದೆ. ಸುತ್ತಲಿನ ಗಾಜು ತಣಿದು ಕುಗ್ಗುವಾಗ ಈ ಕಲ್ಲು ಕುಗ್ಗುವುದಿಲ್ಲ, ಸೀಸೆ ಅಲ್ಲಿಯೇ ಬಿರಿಯುತ್ತದೆ. ಕಪ್ಪು ಚೂರಾದರೆ ಕಣ್ಣಿಗೆ ಬೀಳುತ್ತದೆ. ಬಣ್ಣವಿಲ್ಲದ ಚೂರು ಸೀಸೆಯ ಚೂರಿನಂತೆಯೇ ಕಾಣುವುದರಿಂದ, ಬೇರ್ಪಡಿಸಲು ಯುರೋಪಿನ ಗಾಜು ಮರುಬಳಕೆ ಘಟಕಗಳು ಕ್ಷ-ಕಿರಣದ ಯಂತ್ರಗಳನ್ನು ಇಟ್ಟಿವೆ. ಅಂಥ ಯಂತ್ರ ನಮ್ಮ ಗುಜರಿ ಅಂಗಡಿಯವರ ಬಳಿ ಇರುವುದಿಲ್ಲವಲ್ಲ. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಬರೆದು, ಒಣಕಸದಲ್ಲಿ ಬೇರೆಯಾಗಿ ಕೊಡಿ.